‘ಸೆಟ್’ ಎಂಬ ಪುಟ್ಟ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನೆಂದು ಬರೆಯಬೇಕು?

ತುಂಗಾತೀರ (ತೀರ್ಥಹಳ್ಳಿ):
ಊರಿನ ಬೆಳೆಗಾರರಿಗೆ ಹಂಚಲೆಂದು ಅಡಿಕೆ ತೋಟದ ಬಗೆಗಿನ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೊಳೆರೋಗ, ಅದಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣಗಳ ಭಾಗವನ್ನು ಸಲೀಸಾಗಿ ದಾಟಿದ ನಾನು ‘ಸೆಟ್’ ಎಂಬ ಪದದೆದುರು ನಿಂತುಬಿಟ್ಟಿದ್ದೇನೆ. ಒಂದೇ ಪುಟದಲ್ಲಿ ಮಳೆಗಾಲವು ‘ಸೆಟ್ಸ್ ಇನ್’ ಆಗುತ್ತದೆ, ‘ಫ್ರೂಟ್ ಸೆಟ್’ ಕಡಿಮೆಯಾಗುತ್ತದೆ, ಪಂಪ್‌ಸೆಟ್ ಬರುತ್ತದೆ, ಬೀಜಕ್ಕೆಂದು ಒಳ್ಳೆಯ ಕಾಯಿಗಳನ್ನು ‘ಸೆಟ್ ಅಸೈಡ್’ ಮಾಡಬೇಕಾಗುತ್ತದೆ. ‘ಫ್ರೂಟ್ ಸೆಟ್’ ಎಂಬುದನ್ನು ನಾನು ಮೊದಲು ‘ಕಾಯಿಗಳ ಗುಂಪು’ ಎಂದು ಬರೆದಿದ್ದೆ. ಕರಡು ಓದಿದ ಪಕ್ಕದ ಮನೆಯ ಹಿರಿಯರು, ‘ಕೊನೆ ಅನ್ನೋದಕ್ಕೆ ಇಷ್ಟು ಸುತ್ತಬೇಕಾ ತಂಗಿ?’ ಎಂದು ಕೇಳಿದ ಮೇಲೆ ತಪ್ಪು ತಿಳಿಯಿತು (ನಮ್ಮಲ್ಲಿ ಕೊನೆ ಎಂದರೆ ಅಡಿಕೆ ಗೊಂಚಲು). ಒಂದೇ ಪದಕ್ಕೆ ಇಷ್ಟೊಂದು ಅರ್ಥಗಳು ಹೇಗೆ ಅಂಟಿಕೊಂಡವು? ಎಲ್ಲ ಕಡೆಗೂ ಒಪ್ಪುವ ಕನ್ನಡ ಪದವೊಂದು ಇದೆಯೇ?

ಹಳೆಮೇಷ್ಟ್ರು (ಸಾಗರ):
ಒಂದು ಪದ ಸಿಗುವುದಿಲ್ಲ, ಹುಡುಕುವುದೂ ಬೇಡ. ಆಕ್ಸ್‌ಫರ್ಡ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ಇದೇ ಪದದ್ದಾಗಿತ್ತು; ಕ್ರಿಯಾಪದವೊಂದಕ್ಕೇ 430ಕ್ಕೂ ಹೆಚ್ಚು ಅರ್ಥಗಳನ್ನು ಕೊಟ್ಟಿದ್ದರು. ಪರಿಷ್ಕರಣೆಯ ನಂತರ ‘ರನ್’ ಎಂಬ ಪದವು 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿತು.

ಆದರೆ ಈ ಕಾಡಿನೊಳಗೆ ಎರಡು ಕಾಲುದಾರಿಗಳಿವೆ. ನಾವು ಒಂದೇ ಎಂದುಕೊಳ್ಳುವ ‘ಸೆಟ್’ ವಾಸ್ತವವಾಗಿ ಎರಡು ಮೂಲಗಳಿಂದ ಬಂದಿದೆ. ಕ್ರಿಯಾಪದವು ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬುದರಿಂದ ಬಂದದ್ದು, ಅದು ‘ಸಿಟ್’ ಎಂಬುದರ ಪ್ರೇರಣಾರ್ಥಕ ರೂಪ. ಅಂದರೆ ನಮ್ಮ ‘ಕೂರು’ ಎಂಬುದಕ್ಕೆ ‘ಕೂರಿಸು’ ಇದ್ದ ಹಾಗೆ. ಗುಂಪು ಎಂಬ ಅರ್ಥದ ನಾಮಪದವಾದರೋ ಲ್ಯಾಟಿನ್ನಿನ ‘ಸೆಕ್ಟಾ’ ಎಂಬುದರಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಮೋಟಾರು ಮತ್ತು ಪಂಪು ಜೊತೆಯಾದ ಪಂಪ್‌ಸೆಟ್, ಜೊತೆಯಾಗಿಯೇ ತಟ್ಟೆಗೆ ಬರುವ ಸೆಟ್ ದೋಸೆ, ಶಾಲೆಯ ಗಣಿತದಲ್ಲಿ ನಾವು ‘ಗಣ’ ಎಂದು ಕಲಿಸುವುದು, ಇವೆಲ್ಲ ಈ ಎರಡನೆಯ ಮನೆಯವು. ನೀವು ಎಡವಿದ್ದು ಇಲ್ಲಿಯೇ, ತಂಗಿ. ‘ಫ್ರೂಟ್ ಸೆಟ್’ ಮೊದಲನೆಯ ಮನೆಯ ಕೂಸು, ನೀವು ಅದನ್ನು ಎರಡನೆಯ ಮನೆಯಲ್ಲಿ ಹುಡುಕಿದಿರಿ.

‘ಕೂರಿಸು’ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಅರ್ಧ ದಾರಿ ಸಾಗುತ್ತದೆ. ಇಂಗ್ಲಿಷಿನವರು ಮೂಳೆಯನ್ನು ಸೆಟ್ ಮಾಡುತ್ತಾರೆ, ನಾವು ಮೂಳೆ ಕೂರಿಸುತ್ತೇವೆ. ಅವರು ಉಂಗುರದಲ್ಲಿ ಹರಳನ್ನು ಸೆಟ್ ಮಾಡುತ್ತಾರೆ, ನಮ್ಮ ಅಕ್ಕಸಾಲಿಗರು ಹರಳು ಕೂರಿಸುತ್ತಾರೆ. ಗಣಪತಿಯನ್ನು ಮಾತ್ರ ನಾವಷ್ಟೇ ಕೂರಿಸುತ್ತೇವೆ. ಆಗುಂಬೆಯ ಸನ್‌ಸೆಟ್ ಪಾಯಿಂಟಿನಲ್ಲಿ ಕೆಳಗಿಳಿಯುವ ಸೂರ್ಯನಿಗೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದ. ಕನ್ನಡದ ಹೊತ್ತು ಮುಳುಗುತ್ತದೆ, ಇಲ್ಲವೇ ಕಂತುತ್ತದೆ. ಹಾಗೆ ನೋಡಿದರೆ ‘ಕಂತು’ ಕೂಡ ಕಡಿಮೆಯ ಪದವಲ್ಲ: ಹೊತ್ತು ಕಂತುವುದು, ಸಾಲದ ಕಂತು ಕಟ್ಟುವುದು, ಹಳೆಯ ಕಾವ್ಯದಲ್ಲಿ ಮನ್ಮಥನ ಹೆಸರಾಗಿ ಬರುವುದು, ಮೂರೂ ಬೇರೆ ಬೇರೆ.

ಹಿಂಗಾರ (ಹೊಸನಗರ):
ತೋಟದ ಮಾತಿನಲ್ಲಿ ಹೇಳುವುದಾದರೆ ‘ಫ್ರೂಟ್ ಸೆಟ್’ ಎಂದರೆ ಕಾಯಿ ಕಚ್ಚುವುದು. ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಬಿರಿದು, ಹೆಣ್ಣು ಹೂವುಗಳಿಗೆ ಪರಾಗ ತಲುಪಿ, ಅವು ಉದುರಿಹೋಗದೆ ಕಾಯಾಗಿ ನಿಂತರೆ ‘ಈ ಸಲ ಚೆನ್ನಾಗಿ ಕಚ್ಚಿದೆ’ ಎನ್ನುತ್ತೇವೆ. ಅಚ್ಚಿನಲ್ಲಿ ‘ಕಾಯಿ ಕಟ್ಟುವುದು’ ಎಂದು ಬರೆದರೂ ಎಲ್ಲರಿಗೂ ಅರ್ಥವಾಗುತ್ತದೆ.

ಇನ್ನು ಮಳೆಗಾಲ ‘ಸೆಟ್ಸ್ ಇನ್’ ಆಗುವುದಕ್ಕೆ ದಯವಿಟ್ಟು ‘ಆರಂಭವಾಗುವುದು’ ಎಂದು ಬರೆಯಬೇಡಿ. ಮೇ ತಿಂಗಳಲ್ಲಿ ಗುಡುಗಿ ಒಂದು ಸಂಜೆ ಸುರಿದರೆ ಅದು ಮಳೆ ಬಂದದ್ದು. ಜೂನಿನಲ್ಲಿ ಆಕಾಶ ಮುಚ್ಚಿಕೊಂಡು, ಒಲೆಯ ಮೇಲೆ ಬಟ್ಟೆ ಒಣಗಿಸುವ ಸ್ಥಿತಿ ಬಂದರೆ ಅದು ಮಳೆ ಹಿಡಿದದ್ದು. ಬೋರ್ಡೋ ಹೊಡೆಯುವವನಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಮುಗಿದಿರಬೇಕು, ಎರಡನೆಯದು ಅದಾದ 40–45 ದಿನಗಳಿಗೆ. ಅಂದ ಹಾಗೆ ‘ಹಿಡಿ’ ಎಂಬುದೇ ನಮ್ಮ ಸೆಟ್ ಎಂದು ನನಗೆ ಅನ್ನಿಸುತ್ತದೆ. ಬಸ್ಸು ಹಿಡಿಯುತ್ತೇವೆ, ಹಠ ಹಿಡಿಯುತ್ತೇವೆ, ಕತ್ತಿಗೆ ತುಕ್ಕು ಹಿಡಿಯುತ್ತದೆ, ಪಾಯಸ ತಳ ಹಿಡಿಯುತ್ತದೆ. ಇಂಗ್ಲಿಷಿನವರಿಗೂ ಒಂದಿಷ್ಟು ತಲೆಬಿಸಿ ಇರಲಿ.

ಗಾರೆಕೆಲಸ (ಶಿವಮೊಗ್ಗ):
ಮೇಷ್ಟ್ರೇ, ಕೂರಿಸುವುದರ ಲೆಕ್ಕ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಸಿಮೆಂಟು ಸೆಟ್ ಆಗುವುದು ಮತ್ತು ಗಟ್ಟಿಯಾಗುವುದು ಬೇರೆ ಬೇರೆ. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕಿಂತ ಮೊದಲು ಬಿಗಿಯತೊಡಗಬಾರದು, 600 ನಿಮಿಷದೊಳಗೆ ಸೆಟ್ ಆಗಿ ಮುಗಿಯಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ಆದರೆ ಅದರ ಬಲವನ್ನು ಅಳೆಯುವುದು 28 ದಿನಕ್ಕೆ. ‘ಸೆಟ್’ ಎಂಬುದನ್ನು ‘ಗಟ್ಟಿ’ ಎಂದು ತಿಳಿದ ಮನೆಯವರೊಬ್ಬರು ಮರುದಿನವೇ ತಾರಸಿಯ ಮೇಲೆ ಇಟ್ಟಿಗೆ ರಾಶಿ ಹಾಕಿಸಲು ಹೊರಟಿದ್ದರು. ಹಾಗಾಗಿ ನಾವು ಸೆಟ್ ಎಂದೇ ಹೇಳುತ್ತೇವೆ, ಕೂಲಿಯವರಿಗೂ ಅದೇ ಅರ್ಥವಾಗುತ್ತದೆ.

ಹಳೆಮೇಷ್ಟ್ರು (ಸಾಗರ):
ಒಪ್ಪಿದೆ. ಜೊತೆಗೆ ‘ಅವರಿಬ್ಬರಿಗೂ ಸೆಟ್ ಆಗುವುದಿಲ್ಲ’ ಎಂದು ನಮ್ಮ ಹುಡುಗರು ಹೇಳುವ ಅರ್ಥವನ್ನು ಇಂಗ್ಲಿಷಿನವರು ನಮಗೆ ಕೊಟ್ಟದ್ದಲ್ಲ, ನಾವೇ ಹೆಣೆದುಕೊಂಡದ್ದು.

ತುಂಗಾತೀರ (ತೀರ್ಥಹಳ್ಳಿ):
ಎಲ್ಲರಿಗೂ ಧನ್ಯವಾದಗಳು. ‘ಮಳೆ ಹಿಡಿಯುವ ಮೊದಲು’, ‘ಕಾಯಿ ಕಚ್ಚುವುದು ಕಡಿಮೆಯಾದರೆ’, ‘ಬೀಜಕ್ಕೆ ತೆಗೆದಿಡಬೇಕು’ ಎಂದು ತಿದ್ದಿದ್ದೇನೆ. ಪಂಪ್‌ಸೆಟ್ ಇದ್ದಂತೆಯೇ ಇದೆ. ಪಕ್ಕದ ಮನೆಯ ಹಿರಿಯರು ಹೊಸ ಕರಡನ್ನು ಓದಿ ಏನೂ ಕೇಳಲಿಲ್ಲ, ಬೋರ್ಡೋಗೆ ಸುಣ್ಣ ಎಷ್ಟು ಎಂಬುದನ್ನು ಬಿಟ್ಟು.