ಎರಡು ಹ್ಯಾಕ್‌ಸಾ ಬ್ಲೇಡ್ ಇಟ್ಟುಕೊಂಡು ‘ಫ್ಲೆಕ್ಸಿಬಲ್’ ಪಾಠ ಮಾಡಬಹುದೇ?

ಬೆಂಚ್‌ವೈಸ್:
ಐಟಿಐ ಫಿಟ್ಟರ್ ಮೊದಲ ವರ್ಷದವರಿಗೆ ಲೋಹಗಳ ಗುಣ ಹೇಳಿಕೊಡಬೇಕು. ಎಂಪ್ಲಾಯಬಿಲಿಟಿ ಸ್ಕಿಲ್ಸ್ ಅವಧಿಯಲ್ಲಿ ಅದೇ ಹುಡುಗರಿಗೆ ‘ಕೆಲಸದ ಜಾಗದಲ್ಲಿ ಫ್ಲೆಕ್ಸಿಬಲ್ ಆಗಿರಿ’ ಅನ್ನುತ್ತಾರೆ. ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕು ಅಂತ ಅವರು ತಿಳಿದುಕೊಳ್ಳುತ್ತಾರೆ. ಎರಡನ್ನೂ ವರ್ಕ್‌ಶಾಪಿನಲ್ಲೇ ಮಾಡಿ ತೋರಿಸುವ ದಾರಿ ಇದೆಯೇ?

ಹಲ್ಲುಬೆನ್ನು:
ಸರ್, 300 ಮಿ.ಮೀ. ಬ್ಲೇಡ್ ಎರಡು ತನ್ನಿ. ಆಲ್ ಹಾರ್ಡ್ ಒಂದು, ಫ್ಲೆಕ್ಸಿಬಲ್ ಒಂದು. ಎಂ.ಎಸ್. (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಕೊಯ್ಯುವುದಾದರೆ ಎರಡಕ್ಕೂ 1.8 ಮಿ.ಮೀ. ಪಿಚ್ (ಹಲ್ಲಿನಿಂದ ಹಲ್ಲಿಗಿರುವ ದೂರ) ಇರಲಿ. ಆಲ್ ಹಾರ್ಡ್‌ನಲ್ಲಿ ಪಿನ್ ತೂತುಗಳ ನಡುವಿನ ಅಗಲವೆಲ್ಲ ಗಡಸು. ಫ್ಲೆಕ್ಸಿಬಲ್‌ನಲ್ಲಿ ಹಲ್ಲು ಮಾತ್ರ ಗಡಸು, ಬೆನ್ನು ಮೆತ್ತಗೆ. ಕೈ ಓರೆಯಾದರೆ ಮೊದಲನೆಯದು ಪಟ್ಟನೆ ತುಂಡಾಗುತ್ತದೆ, ಎರಡನೆಯದು ತಿರುಚಿಕೊಂಡು ತಾಳುತ್ತದೆ.

ಬಾಗುವ ಬ್ಲೇಡಿನ ಹಲ್ಲನ್ನು ಹುಡುಗರಿಗೆ ತೋರಿಸಿ. ಅದೂ ಮೆತ್ತಗಿದ್ದರೆ ಆ ಬ್ಲೇಡ್ ಏನನ್ನೂ ಕೊಯ್ಯುವುದಿಲ್ಲ. ಪಾಳಿ ಬದಲಾಯಿತು, ಮಷಿನ್ ಬದಲಾಯಿತು, ಜೊತೆಗಾರ ಬದಲಾದ ಅಂದಾಗ ಹೊಂದಿಕೊಳ್ಳುವುದು ಬೆನ್ನಿನ ಕೆಲಸ. ಮಷಿನ್ನಿನ ರಕ್ಷಣೆಯ ಗಾರ್ಡ್ ಬಿಚ್ಚಿ ಓಡಿಸು ಅಂದರೆ ‘ಆಗಲ್ಲ’ ಅನ್ನುವುದು, ಅಳತೆ ತಪ್ಪಿದ ಜಾಬನ್ನು (ಮಾಡಿದ ತುಂಡನ್ನು) ಪಾಸ್ ಮಾಡದಿರುವುದು ಹಲ್ಲಿನ ಕೆಲಸ. ಇನ್ನೊಂದು ಮಾತು: ಬಾಗುವ ಬ್ಲೇಡನ್ನೂ ಫ್ರೇಮಿನಲ್ಲಿ ಬಿಗಿಯಾಗಿಯೇ ಕಟ್ಟಬೇಕು. ಬ್ಲೇಡನ್ನು ಬಿಗಿಯುವ ವಿಂಗ್ ನಟ್ ಸಡಿಲವಿದ್ದರೆ ಗೆರೆ ಬಿಟ್ಟು ಓಡುತ್ತದೆ, ವಿಪರೀತ ಬಿಗಿದರೆ ಮುರಿಯುತ್ತದೆ.

ಉಕ್ಕುಲೆಕ್ಕ:
ಮೇಲಿನದನ್ನು ಒಪ್ಪುತ್ತೇನೆ. ಆದರೆ ಬಾಗಿ ವಾಪಸ್ ಬರುವುದು ಬೇರೆ, ಬಾಗಿದ ಹಾಗೇ ಉಳಿಯುವುದು ಬೇರೆ. ಇದನ್ನು ಬಿಟ್ಟರೆ ಪಾಠ ಅರ್ಧ. ಒಂದೇ ದಪ್ಪದ ಮೈಲ್ಡ್ ಸ್ಟೀಲ್ ಪಟ್ಟಿ, ಸ್ಪ್ರಿಂಗ್ ಸ್ಟೀಲ್ ಪಟ್ಟಿ ಹಿಡಿದು ಸ್ವಲ್ಪವೇ ಬಾಗಿಸಿದರೆ ಕೈಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಎರಡರ ಯಂಗ್ಸ್ ಮಾಡ್ಯುಲಸ್ (ಬಾಗಿಸುವಾಗ ಎದುರಾಗುವ ಬಿಗಿತದ ಅಳತೆ) ಸುಮಾರು 200 ಗಿಗಾಪಾಸ್ಕಲ್. ವ್ಯತ್ಯಾಸ ಇರುವುದು ಯೀಲ್ಡ್‌ನಲ್ಲಿ, ಅಂದರೆ ಎಷ್ಟು ಒತ್ತಡ ದಾಟಿದರೆ ಬಾಗು ಹಾಗೇ ಉಳಿಯುತ್ತದೆ ಅನ್ನುವುದರಲ್ಲಿ. ಮೈಲ್ಡ್ ಸ್ಟೀಲ್‌ಗೆ 250 ಮೆಗಾಪಾಸ್ಕಲ್ ಹಿಡಿದರೆ, 1 ಮಿ.ಮೀ. ಪಟ್ಟಿಯನ್ನು 400 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಗ್ಗಿಸಿದೊಡನೆ ಸ್ವಲ್ಪ ಬಾಗು ಉಳಿದುಬಿಡುತ್ತದೆ. 1000 ಮೆಗಾಪಾಸ್ಕಲ್ ತಾಳುವ ಸ್ಪ್ರಿಂಗ್ ಸ್ಟೀಲ್ 100 ಮಿ.ಮೀ. ತ್ರಿಜ್ಯದವರೆಗೂ ನೆಟ್ಟಗೆ ಮರಳುತ್ತದೆ.

ಮನುಷ್ಯರಲ್ಲೂ ಸಣ್ಣ ಒತ್ತಡದಲ್ಲಿ ಎಲ್ಲರೂ ಒಂದೇ ಥರ ಕಾಣುತ್ತಾರೆ. ಒತ್ತಡ ತೆಗೆದ ಮೇಲೆ ನೋಡಬೇಕು. ಹಾಗಂತ ಬಾಗಿ ಉಳಿಯುವುದು ಕೀಳಲ್ಲ. ಹೊಸ ಕೆಲಸ ಕಲಿತವನು ಮೊದಲಿನಂತೆಯೇ ವಾಪಸ್ ಬಂದರೆ ಕಲಿತದ್ದೇನು?

ತಾಮ್ರತಂತಿ:
ಮೂರನೆಯದನ್ನೂ ಸೇರಿಸಿ ಸರ್. ಸುಮಾರು 2 ಮಿ.ಮೀ. ದಪ್ಪದ, ಒಂಟಿ ಎಳೆಯ ಬರಿ ತಾಮ್ರದ ತಂತಿ. ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಆ ಜಾಗ ಗಟ್ಟಿಯಾಗುತ್ತ ಬಂದು ಕೊನೆಗೆ ಬಿರಿಯುತ್ತದೆ. ಬಿರಿಯುವ ಮೊದಲೇ ನಿಲ್ಲಿಸಿ, ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ, ಮತ್ತೆ ಮೆತ್ತಗಾಗುತ್ತದೆ. (ಹೈ ಕಾರ್ಬನ್ ಉಕ್ಕನ್ನು ಚೆರ್ರಿ ಕೆಂಪಿಗೆ ಕಾಯಿಸಿ ನೀರಿಗೆ ಹಾಕಿದರೆ ಫಲ ಉಲ್ಟಾ, ಗಡಸಾಗಿ ಪೆಡಸಾಗುತ್ತದೆ. ಹುಡುಗರು ಇದನ್ನು ಅದಲುಬದಲು ಮಾಡಿಕೊಳ್ಳುತ್ತಾರೆ.)

ಇದು ಹುಡುಗರಿಗಿಂತ ಸೂಪರ್‌ವೈಸರುಗಳಿಗೆ ಹೆಚ್ಚು ಬೇಕಾದ ಪಾಠ. ‘ಸರಿ ಸರ್’ ಅನ್ನುವ ಒಬ್ಬನ ತಲೆಗೇ ಪ್ರತಿ ಡಬಲ್ ಡ್ಯೂಟಿ ಕಟ್ಟಿದರೆ ಬಗ್ಗುವುದು ಅದೇ ಜಾಗ. ನಡುವೆ ಬಿಡುವು ಕೊಡದೆ, ಕಡೆಗೆ ಅವನು ಸಿಡಿದಾಗ ಸ್ವಭಾವವೇ ಸರಿಯಿಲ್ಲ ಅನ್ನುವುದು ಅನ್ಯಾಯ.

ಆಲ್ ಹಾರ್ಡ್ ಬ್ಲೇಡ್ ಮುರಿದು ತೋರಿಸುವಾಗ ದಪ್ಪ ಬಟ್ಟೆ ಸುತ್ತಿ, ವೈಸ್‌ನಲ್ಲಿ ಹಿಡಿದು ಮುರಿಯಿರಿ. ಎಲ್ಲರಿಗೂ ಕನ್ನಡಕ ಹಾಕಿಸಿ, ಚೂರು ಕಣ್ಣಿನ ಮಟ್ಟಕ್ಕೇ ಹಾರುತ್ತದೆ.