ಚಪ್ಪಲಿ ಅಂಟಿಸುವ ಸೊಲ್ಯೂಷನ್‌ನಿಂದ ಕಾಲು ಜೋಮು ಹಿಡಿಯುತ್ತಾ?

ಅಥಣಿ ಮಗಳು, ಧಾರಾವಿ:
ನಮ್ಮ ಮನೆಯವರು ಇಲ್ಲೇ ಧಾರಾವಿಯಲ್ಲಿ ಲೇಡೀಸ್ ಚಪ್ಪಲಿಗೆ ಸೋಲ್ ಅಂಟಿಸುತ್ತಾರೆ. ಅಟ್ಟದ ಮೇಲೆ ಸಣ್ಣ ಖೋಲಿ, ನೆಲದ ಮೇಲೆ ಕೂತೇ ಕೆಲಸ. ಮಳೆ ಅಂತ ಇದ್ದೊಂದು ಕಿಟಕಿಗೂ ತಾಡಪತ್ರಿ ಕಟ್ಟಿದ್ದಾರೆ. ಸೊಲ್ಯೂಷನ್ ಡಬ್ಬಿಗೆ ಮುಚ್ಚಳ ಹಾಕೋದೇ ಇಲ್ಲ. ಕೈಗೆ ಹತ್ತಿದ್ದನ್ನು ಥಿನ್ನರ್‌ನಲ್ಲಿ ತೊಳೆಯುತ್ತಾರೆ.

ಸಂಜೆ ತಲೆ ಸುತ್ತೋದು ಮೊದಲಿಂದಲೂ ಇತ್ತು. ಈಗ ಎರಡೂ ಪಾದ ಜೋಮು. ಮೊನ್ನೆ ಚಪ್ಪಲಿ ಕಾಲಿಂದ ಕಳಚಿ ಗಟಾರದ ಹತ್ತಿರ ಬಿದ್ದಿದೆ, ಇವರು ಗೊತ್ತೇ ಆಗದೆ ಬರಿಗಾಲಲ್ಲಿ ಮನೆಗೆ ಬಂದರು! ಅಂಗಿ ಗುಂಡಿ ನಾನೇ ಹಾಕಬೇಕು. ಓಣಿಯ ಡಾಕ್ಟರು ಸುಮ್ನೆ ಬಿ12 ಇಂಜೆಕ್ಷನ್ ಕೊಡುತ್ತಿದ್ದಾರೆ. ಶುಗರ್ ಇಲ್ಲ, ಕುಡಿಯೋದಿಲ್ಲ. ಸೇಠ್‌ನನ್ನು ಕೇಳಿದರೆ "ವಾಸನೆಗೆ ಯಾರ ಕಾಲು ಹೋಗುತ್ತೆ?" ಅಂತ ನಗುತ್ತಾನೆ.

ಕುರ್ಲಾ ಹುಡುಗ:
ಅಕ್ಕಾ, ದಿನಾ ಬೆಲ್ಲ, ಹಾಲು ಕೊಡಿ. ವಿಷ ಇಳಿಯುತ್ತದೆ.

ಡೊಂಬಿವಲಿ ಕಾಕಾ:
ಬೆಲ್ಲ ಹೋಳಿಗೆಗೆ ಒಳ್ಳೇದು ತಮ್ಮಾ, ನರಕ್ಕಲ್ಲ.

ತಂಗೀ, ನಾನು ಪೇಂಟ್ ಕಾರ್ಖಾನೆಯಲ್ಲಿ ಸೇಫ್ಟಿ ನೋಡಿಕೊಂಡು ರಿಟೈರ್ ಆದವನು. ಇಂಥ ಅಂಟಿನಲ್ಲಿ ಎನ್-ಹೆಕ್ಸೇನ್, ಟಾಲ್ಯುಯೀನ್ ಅಂತ ಬೇಗ ಆವಿಯಾಗುವ ದ್ರಾವಕಗಳು ಇರುವುದುಂಟು. ಹೆಕ್ಸೇನ್ ಮೈಯೊಳಗೆ ಹೋಗಿ 2,5-ಹೆಕ್ಸೇನ್‌ಡಯೋನ್ ಆಗುತ್ತದೆ. ನರ ಕೆಡಿಸೋದು ಅದು. ಉದ್ದದ ನರಕ್ಕೆ ಮೊದಲ ಪೆಟ್ಟು, ಅದಕ್ಕೇ ಎರಡೂ ಪಾದದಿಂದ ಶುರು. ಹೆಕ್ಸೇನ್ ಆವಿ ಗಾಳಿಗಿಂತ ಸುಮಾರು 3 ಪಟ್ಟು ಭಾರ, ಮೇಲೇರದೆ ನೆಲದ ಹತ್ತಿರವೇ ನಿಲ್ಲುತ್ತದೆ. ಕೂತು ಕೆಲಸ ಮಾಡುವವರ ಮೂಗು ಅಲ್ಲೇ ಇರುತ್ತಲ್ವಾ?

1960ರ ದಶಕದಲ್ಲಿ ಜಪಾನಿನ ಚಪ್ಪಲಿ ಕೆಲಸಗಾರರಿಗೆ ಇದೇ ಆಗಿತ್ತು. 2009ರಲ್ಲಿ ಚೀನಾದ ಸುಝೌನಲ್ಲಿ ಟಚ್‌ಸ್ಕ್ರೀನ್ ಒರೆಸಲು ಹೆಕ್ಸೇನ್ ಬಳಸಿ 137 ಜನ ಕಾಯಿಲೆ ಬಿದ್ದರು. ನಿಮ್ಮ ಸೇಠ್‌ಗೆ ಓದಿ ಹೇಳಿ. ಕರವಸ್ತ್ರ, ಬಟ್ಟೆ ಮಾಸ್ಕ್ ಕಟ್ಟಿದರೆ ಆವಿ ನಿಲ್ಲೋದಿಲ್ಲ.

ಠಾಣೆ ಫಿಜಿಯೋ:
ಅಕ್ಕಾ, ಬಿ12 ಕಮ್ಮಿಯಾದರೂ ಹೀಗೇ ಜೋಮು ಬರುತ್ತದೆ, ಹಾಗಾಗಿ ಅಂದಾಜಿನ ಮೇಲೆ ಕೂರಬೇಡಿ. ಸಯನ್ ಆಸ್ಪತ್ರೆ ನಿಮಗೆ ಹತ್ತಿರ. ನ್ಯೂರಾಲಜಿಯಲ್ಲಿ ತೋರಿಸಿ, ನರ್ವ್ ಕಂಡಕ್ಷನ್ ಟೆಸ್ಟ್ (ನರ ಸರಿಯಾಗಿ ಕೆಲಸ ಮಾಡುತ್ತಾ ಅಂತ ನೋಡುವ ಪರೀಕ್ಷೆ) ಬಗ್ಗೆ ಕೇಳಿ. ಏನು ಕೆಲಸ ಅಂತ ಅವರು ಕೇಳದಿದ್ದರೂ ನೀವೇ ಹೇಳಿ, ಡಬ್ಬಿಯ ಲೇಬಲ್ ಫೋಟೋ ತೋರಿಸಿ. ಅಲ್ಲಿಯವರೆಗೆ ಅಂಟು ಮುಟ್ಟೋದು ಬೇಡ.

ಇನ್ನೊಂದು. ಹೆಕ್ಸೇನೇ ಆಗಿದ್ದರೆ ಕೆಲಸ ಬಿಟ್ಟ ಮೇಲೂ ಕೆಲವು ವಾರ, ತಿಂಗಳು ಜೋಮು ಜಾಸ್ತಿ ಆಗಬಹುದು. "ಬಿಟ್ಟರೂ ಗುಣ ಇಲ್ಲ" ಅಂತ ವಾಪಸ್ ಹೋಗಿಬಿಡುತ್ತಾರೆ, ಅದು ಬೇಡ. ಆಮೇಲೆ ನಿಧಾನಕ್ಕೆ ಸುಧಾರಿಸುತ್ತದೆ. ತುಂಬಾ ಕೆಟ್ಟಿದ್ದರೆ ಸ್ವಲ್ಪ ಉಳಿದೂಬಿಡಬಹುದು.

ಅಥಣಿ ಮಗಳು:
ಡಬ್ಬಿಗೆ ಲೇಬಲ್ಲೇ ಇಲ್ಲ, ಡ್ರಮ್ಮಿನಿಂದ ತುಂಬಿಸುತ್ತಾರಂತೆ. ಪಕ್ಕದಲ್ಲಿ ಕೂರುವ ಹುಡುಗನಿಗೂ ಬೆರಳು ಮರಗಟ್ಟುತ್ತಿದೆಯಂತೆ. ಅವನನ್ನೂ ಕರೆದುಕೊಂಡು ಹೋಗಲಾ?

ಡೊಂಬಿವಲಿ ಕಾಕಾ:
ಖಂಡಿತ. ಒಂದೇ ಖೋಲಿಯ ಇಬ್ಬರು ಅಂದರೆ ಡಾಕ್ಟರಿಗೂ ಬೇಗ ಹೊಳೆಯುತ್ತದೆ. ಡ್ರಮ್ಮಿನ ಮೇಲೆ ಏನಾದರೂ ಅಚ್ಚು ಇರುತ್ತದೆ, ಆ ಹುಡುಗನಿಗೇ ಫೋಟೋ ಹೊಡೆಯಲು ಹೇಳಿ.