ಹೊಳೆದಂಡೆಯ ಮನೆಯಲ್ಲಿ ಚಿಟ್ಟೆಗಳ ತೋಟ

ಪ್ರಶ್ನೆ: ಶ್ರೀರಂಗಪಟ್ಟಣದ ಬಳಿ ಕಾವೇರಿ ದಡದಲ್ಲಿರುವ ನಮ್ಮ ಪುಟ್ಟ ಮನೆಗೆ ನಾವು ವಾರಾಂತ್ಯದಲ್ಲಷ್ಟೇ ಹೋಗುತ್ತೇವೆ. ಕೇಪಳ, ರತ್ನಗಂಧಿ ಚೆನ್ನಾಗಿ ಹೂಬಿಟ್ಟಿದ್ದರೂ ಚಿಟ್ಟೆಗಳು ಬಂದು ಹೋಗುತ್ತವೆಯೇ ಹೊರತು ನೆಲೆಸುವುದಿಲ್ಲ. ಕಾರಣವೇನು?

ಉತ್ತರ 1: ಹೂವು ಚಿಟ್ಟೆಗೆ ಊಟವಾದರೂ ಅದರ ಮರಿಹುಳುವಿಗೆ ಬೇಕಾದದ್ದು ಎಲೆ, ಅದೂ ಪ್ರತಿ ಜಾತಿಗೆ ನಿರ್ದಿಷ್ಟ ಗಿಡದ ಎಲೆ. ಕರಿಬೇವು, ನಿಂಬೆ ನೆಟ್ಟರೆ ಕಾಮನ್ ಮಾರ್ಮನ್ ಎಂಬ ಚಿಟ್ಟೆ ಮೊಟ್ಟೆಯಿಡುತ್ತದೆ, ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್ ಬರುತ್ತದೆ, ಈಶ್ವರಿ ಬಳ್ಳಿಯನ್ನು ಕ್ರಿಮ್ಸನ್ ರೋಸ್ ಹುಡುಕಿಕೊಂಡು ಬರುತ್ತದೆ. ಎಲೆಗಳು ತೂತಾಗುವುದನ್ನು ಮಾತ್ರ ನೀವು ಸಹಿಸಿಕೊಳ್ಳಬೇಕು. ಲಂಟಾನವನ್ನು, ಚಿಟ್ಟೆಗಳು ಎಷ್ಟೇ ಮುತ್ತಿದರೂ, ದಯವಿಟ್ಟು ನೆಡಬೇಡಿ. ಅದು ಹೊಳೆದಂಡೆಯನ್ನೆಲ್ಲ ಆಕ್ರಮಿಸುತ್ತದೆ.

ಉತ್ತರ 2: ದಡದ ಒದ್ದೆ ಮರಳಿನ ಮೇಲೆ ಸಿಮೆಂಟು ಹಾಕಿಸಬೇಡಿ. ಬಿಸಿಲೇರಿದ ಮೇಲೆ ಚಿಟ್ಟೆಗಳು, ಹೆಚ್ಚಾಗಿ ಗಂಡುಗಳು, ಅಲ್ಲಿ ಗುಂಪಾಗಿ ಕುಳಿತು ಲವಣಾಂಶವನ್ನು ಹೀರುತ್ತವೆ. ತೋಟದೊಳಗೂ ಅಗಲವಾದ ತಟ್ಟೆಯಲ್ಲಿ ಮರಳು ತುಂಬಿ ನೀರು ಹನಿಸುತ್ತಿದ್ದರೆ ಸಾಕು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಕರಿಬೇವಿನ ಹುಳುಗಳಿಗೆ ನಮ್ಮ ತೋಟದವರು ಪ್ರತಿ ತಿಂಗಳೂ ಔಷಧಿ ಸಿಂಪಡಿಸುತ್ತಿದ್ದರೆಂಬುದು ಈಗ ತಿಳಿಯಿತು.

ಉತ್ತರ 1: ಹಾಗಾದರೆ ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಹೊಸ ಗಿಡ ತನ್ನಿ.